ಸುಬೇದಾರ್ ಮೇಜರ್ ಸಾಹೇಬರ ಸನ್ಮಾನ ಪತ್ರ: ಸರಬರಾಜು ದಳದ ಸೇವೆಯನ್ನು ಹೇಗೆ ಬರೆಯಬೇಕು?

ಘಟಪ್ರಭಾ ದಂಡೆ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ನಮ್ಮ ಊರಿನವರೊಬ್ಬರು ಭೂಸೇನೆಯ ಆರ್ಮಿ ಸರ್ವಿಸ್ ಕೋರ್‌ನಲ್ಲಿ, ಅಂದರೆ ಎಲ್ಲರೂ ಎ.ಎಸ್.ಸಿ. ಎಂದು ಕರೆಯುವ ಸರಬರಾಜು ಮತ್ತು ಸಾಗಣೆಯ ದಳದಲ್ಲಿ, ಸಿಪಾಯಿಯಾಗಿ ಸೇರಿ ಸುಬೇದಾರ್ ಮೇಜರ್ ಹುದ್ದೆಯವರೆಗೆ ಏರಿ, ಮುಂದಿನ ತಿಂಗಳು ನಿವೃತ್ತರಾಗಿ ಬರುತ್ತಿದ್ದಾರೆ. ಬೆಳಗಾವಿ, ಬಾಗಲಕೋಟೆ ಕಡೆಯ ಊರುಗಳಲ್ಲಿ ಸೈನಿಕರು ನಿವೃತ್ತರಾಗಿ ಬಂದಾಗ ತೆರೆದ ಜೀಪಿನಲ್ಲಿ ಮೆರವಣಿಗೆ ಮಾಡಿ, ಡೊಳ್ಳು ಬಾರಿಸಿ, ಗುಡಿಯ ಮುಂದೆ ಸನ್ಮಾನ ಮಾಡುವ ರೂಢಿ ನಿಮಗೆಲ್ಲ ಗೊತ್ತೇ ಇದೆ. ಈ ಬಾರಿ ಸನ್ಮಾನ ಪತ್ರ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ.

ನಾನು ಹಿಂದಿನ ಸಮಾರಂಭಗಳ ಪತ್ರಗಳನ್ನು ನೋಡಿಕೊಂಡು, "ಗಡಿಯಲ್ಲಿ ಹಗಲಿರುಳು ಬಂದೂಕು ಹಿಡಿದು ನಿಂತು, ವೈರಿಗಳ ಎದೆ ನಡುಗಿಸಿದ ವೀರಯೋಧ" ಎಂದು ಆರಂಭಿಸಿ ಒಂದು ಪುಟ ಬರೆದಿದ್ದೆ. ಕಳೆದ ವಾರ ಅವರು ರಜೆಯ ಮೇಲೆ ಬಂದಿದ್ದಾಗ ತೋರಿಸಿದೆ. ಓದಿ, ಕನ್ನಡಕ ತೆಗೆದಿಟ್ಟು, "ತಮ್ಮಾ, ಇದು ಯಾರ ಬಗ್ಗೆ ಬರದಿದ್ದು?" ಎಂದು ಕೇಳಿದರು. ನಾನು "ಕಾಕಾ, ನಿಮ್ಮ ಬಗ್ಗೇನ ಐತ್ರಿ" ಎಂದೆ. "ನಾ ಹಿಟ್ಟು, ಸೀಮೆಎಣ್ಣಿ, ಡೀಸೆಲ್ ಮುಟ್ಟಿಸಿದಾಂವ. ಬಂದೂಕು ಹಿಡದದ್ದು ಪಹರೆದಾಗ, ಫೈರಿಂಗ್ ರೇಂಜಿನ್ಯಾಗ. ಮ್ಯಾಲೆ ನಿಂತಾವ್ರ ಹೆಸರು ನನಗ ಯಾಕ ಹಚ್ಚತಿ?" ಎಂದು ಹೇಳಿ ಹಾಳೆಯನ್ನು ಮಡಚಿ ಕೈಗೆ ಕೊಟ್ಟರು. ಅವರಿಗೆ ಸಿಟ್ಟು ಬಂದಿರಲಿಲ್ಲ. ಆದರೆ ನನಗೆ ನಾಚಿಕೆಯಾಯಿತು.

ಮೂವತ್ತು ವರ್ಷಕ್ಕೂ ಮೀರಿ ಒಬ್ಬ ವ್ಯಕ್ತಿ ಮಾಡಿದ ಕೆಲಸವನ್ನು ಅದು ಇದ್ದ ಹಾಗೆಯೇ ಗೌರವಿಸಬೇಕಾದರೆ ಏನು ಬರೆಯಬೇಕು? ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಹಳೆಯ ಲೆಡ್ಜರ್

ನಾನು ಇದೇ ದಳದಲ್ಲಿ ಸುಬೇದಾರನಾಗಿ ನಿವೃತ್ತನಾದವನು. ನಿಮ್ಮ ಕಾಕಾ ಹೇಳಿದ ಮಾತು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಸನ್ಮಾನದ ದಿನ ನನ್ನ ಕೊರಳಿಗೂ ಹಾರ ಹಾಕಿ "ಕಾರ್ಗಿಲ್ ವೀರ" ಎಂದು ಘೋಷಣೆ ಕೂಗಿದ್ದರು. 1999ರಲ್ಲಿ ನಾನು ಇದ್ದದ್ದು ಒಂದು ಸಪ್ಲೈ ಡಿಪೋದಲ್ಲಿ. ಆ ಬೇಸಿಗೆಯಲ್ಲಿ ನಿದ್ದೆಗೆಟ್ಟು ಮಾಡಿದ ಕೆಲಸದ ಬಗ್ಗೆ ನನಗೆ ಹೆಮ್ಮೆಯಿದೆ, ಆದರೆ ಆ ಹೆಮ್ಮೆಗೆ ಸರಿಯಾದ ಹೆಸರು ಯಾರ ಬಾಯಲ್ಲೂ ಬರಲಿಲ್ಲ.

ನಿಮ್ಮ ಪತ್ರಕ್ಕೆ ಬೇಕಾದ ಸಾಮಗ್ರಿಯನ್ನು ಕೊಡುತ್ತೇನೆ. ಲಡಾಖಿಗೆ ಹೋಗುವ ದಾರಿಗಳಲ್ಲಿ ಶ್ರೀನಗರದ ಕಡೆಯ ಜೋಜಿ ಲಾ ಕಣಿವೆ ಸುಮಾರು 11,500 ಅಡಿ ಎತ್ತರದಲ್ಲಿದೆ. ಚಳಿಗಾಲ ಬಂತೆಂದರೆ ಹಿಮ ಬಿದ್ದು ಅದು ಮುಚ್ಚಿಹೋಗುತ್ತಿತ್ತು. ಮನಾಲಿಯ ಕಡೆಯ ದಾರಿಯೂ ಹಾಗೆಯೇ. 2020ರಲ್ಲಿ 9 ಕಿಲೋಮೀಟರ್ ಉದ್ದದ ಅಟಲ್ ಸುರಂಗ ತೆರೆದ ಮೇಲೆ ಆ ದಾರಿಯ ರೋಹ್ತಾಂಗ್ ಕಣಿವೆಯ ತೊಂದರೆ ತಪ್ಪಿತಾದರೂ ಅದರಾಚೆಯ ಎತ್ತರದ ಕಣಿವೆಗಳು ಹಾಗೆಯೇ ಇವೆ. ಆದ್ದರಿಂದ ದಾರಿ ತೆರೆದಿರುವ ಕೆಲವೇ ತಿಂಗಳುಗಳಲ್ಲಿ ಮುಂದಿನ ಇಡೀ ಚಳಿಗಾಲಕ್ಕೆ ಬೇಕಾದ ಅಕ್ಕಿ, ಗೋಧಿ ಹಿಟ್ಟು, ಬೇಳೆ, ಡಬ್ಬಿಯಲ್ಲಿ ತುಂಬಿದ ಆಹಾರ, ಸೀಮೆಎಣ್ಣೆ, ಡೀಸೆಲ್, ಎಲ್ಲವನ್ನೂ ಮೇಲೆ ಸಾಗಿಸಿ ಇಡಬೇಕು. ಇದನ್ನು ನಾವು ವಿಂಟರ್ ಸ್ಟಾಕಿಂಗ್ ಎನ್ನುತ್ತೇವೆ. ಮಳೆಗಾಲಕ್ಕೆ ಮುಂಚೆ ಮಲೆನಾಡಿನ ಮನೆಗಳಲ್ಲಿ ಸೌದೆ, ಹಪ್ಪಳ, ಉಪ್ಪಿನಕಾಯಿ ಕೂಡಿಡುತ್ತಾರಲ್ಲ, ಅದೇ ಲೆಕ್ಕ; ಆದರೆ ಇಲ್ಲಿ ಒಂದು ವಸ್ತು ಮರೆತರೆ ಪಕ್ಕದ ಮನೆಗೆ ಹೋಗಿ ಕೇಳಿ ತರುವಂತಿಲ್ಲ.

ಈ ಕೆಲಸದಲ್ಲಿ ಆದೇಶ ಕೊಡುವವರು ಅಧಿಕಾರಿಗಳು. ಆದರೆ ಅಧಿಕಾರಿಗಳು ಎರಡು ಮೂರು ವರ್ಷಕ್ಕೊಮ್ಮೆ ವರ್ಗವಾಗುತ್ತಾರೆ. ಒಂದರ ಮೇಲೊಂದು ಪೇರಿಸಿದ ಕಂದು ಚೀಲಗಳ ಅಟ್ಟಿ ಎಷ್ಟು ಎತ್ತರ ಹೋದರೆ ಕೆಳಗಿನ ಚೀಲ ಒಡೆಯುತ್ತದೆ, ನೆಲಕ್ಕೂ ಚೀಲಕ್ಕೂ ನಡುವೆ ಹಾಕುವ ಮರದ ಹಲಗೆಗಳ ನಡುವೆ ಗಾಳಿಯಾಡಲು ಎಷ್ಟು ಜಾಗ ಬಿಡಬೇಕು, ಯಾವ ಬ್ಯಾರೆಲ್ ಸೋರುತ್ತಿದೆ ಎಂಬುದನ್ನು ಕಾಲಿನಿಂದ ತಟ್ಟಿ ತಿಳಿಯುವುದು ಹೇಗೆ, ಹಳೆಯ ಸರಕು ಹಿಂದೆ ಉಳಿದು ಹೊಸ ಸರಕು ಮೊದಲು ಹೋಗದಂತೆ ನೋಡಿಕೊಳ್ಳುವುದು ಹೇಗೆ, ಇವೆಲ್ಲ ಒಬ್ಬ ಹವಾಲ್ದಾರನಿಂದ ಇನ್ನೊಬ್ಬನಿಗೆ, ನಾಯಬ್ ಸುಬೇದಾರನಿಂದ ಸುಬೇದಾರನಿಗೆ ಕೈಯಿಂದ ಕೈಗೆ ಬಂದ ವಿದ್ಯೆ. ಹೊಸದಾಗಿ ಬಂದ ಲೆಫ್ಟಿನೆಂಟ್ ಸಾಹೇಬರಿಗೆ ಅವರ ಮರ್ಯಾದೆಗೆ ಕುಂದು ಬಾರದಂತೆ ಇದನ್ನೆಲ್ಲ ಕಲಿಸುವುದೂ ಜೆ.ಸಿ.ಒ.ಗಳ, ಅಂದರೆ ನಾಯಬ್ ಸುಬೇದಾರ್, ಸುಬೇದಾರ್, ಸುಬೇದಾರ್ ಮೇಜರ್ ಹುದ್ದೆಯವರ ಕೆಲಸವೇ. ನಿಮ್ಮ ಕಾಕಾನನ್ನು ಕೇಳಿ, ಅವರು ತರಬೇತಿ ಕೊಟ್ಟ ಎಷ್ಟು ಲೆಫ್ಟಿನೆಂಟರು ಇಂದು ಕರ್ನಲ್ ಆಗಿದ್ದಾರೆಂದು. ಅವರು ಹೇಳಲಾರರು, ಆದರೆ ನಗುತ್ತಾರೆ.

ವಾಯುಪಡೆ ಮನೆ

ಒಂದು ಸಂದೇಹ. ನಮ್ಮ ತಂದೆ ವಾಯುಪಡೆಯಲ್ಲಿ ಮಾಸ್ಟರ್ ವಾರಂಟ್ ಆಫೀಸರ್ ಆಗಿದ್ದರು. ಭೂಸೇನೆಯ ಸುಬೇದಾರ್ ಮೇಜರ್ ಎಂದರೆ ಅದೇ ಸ್ಥಾನವೇ? ಪತ್ರದಲ್ಲಿ "ವಾರಂಟ್ ಅಧಿಕಾರಿ" ಎಂದು ಬರೆಯಬಹುದೇ? ಕೆಲವು ಆಮಂತ್ರಣಗಳಲ್ಲಿ ಸುಬೇದಾರರನ್ನು "ಮೇಜರ್" ಎಂದು ಬರೆದದ್ದನ್ನೂ ನೋಡಿದ್ದೇನೆ, ಅದು ಬೇರೆಯೇ ಹುದ್ದೆಯಲ್ಲವೇ?

ಕಡತಪ್ರಿಯ

ಸ್ಥಾನದಲ್ಲಿ ಸಮಾನ, ಹೆಸರಿನಲ್ಲಿ ಬೇರೆ. ವಾಯುಪಡೆಯಲ್ಲಿ ಜೂನಿಯರ್ ವಾರಂಟ್ ಆಫೀಸರ್, ವಾರಂಟ್ ಆಫೀಸರ್, ಮಾಸ್ಟರ್ ವಾರಂಟ್ ಆಫೀಸರ್ ಎಂಬ ಮೂರು ಮೆಟ್ಟಿಲುಗಳಿದ್ದರೆ, ಭೂಸೇನೆಯಲ್ಲಿ ನಾಯಬ್ ಸುಬೇದಾರ್, ಸುಬೇದಾರ್, ಸುಬೇದಾರ್ ಮೇಜರ್ ಎಂಬ ಮೂರು. ಇವರನ್ನು ಜೂನಿಯರ್ ಕಮಿಷನ್ಡ್ ಆಫೀಸರ್ ಎಂದು ಕರೆಯುತ್ತಾರೆ. ಬ್ರಿಟಿಷರ ಕಾಲದಲ್ಲಿ ಇವರು ವೈಸ್‌ರಾಯ್ ಕಮಿಷನ್ಡ್ ಆಫೀಸರ್‌ಗಳಾಗಿದ್ದರು. ಆಗ ಜಮಾದಾರ್ ಎನ್ನುತ್ತಿದ್ದ ಹುದ್ದೆಗೆ 1965ರಲ್ಲಿ ನಾಯಬ್ ಸುಬೇದಾರ್ ಎಂಬ ಹೆಸರು ಬಂತು. ಒಂದು ಘಟಕಕ್ಕೆ ಸುಬೇದಾರ್ ಮೇಜರ್ ಒಬ್ಬರೇ. ಆ ಹುದ್ದೆಯ ಅವಧಿ 4 ವರ್ಷ. ಒಟ್ಟು ಸೇವೆ 34 ವರ್ಷ ತುಂಬಿದರೆ ಅಥವಾ ವಯಸ್ಸು 54 ಆದರೆ ಅದಕ್ಕೂ ಮೊದಲೇ ನಿವೃತ್ತಿ. ಸಾವಿರಾರು ಮಂದಿ ಸಿಪಾಯಿಗಳಾಗಿ ಸೇರಿದರೂ ಈ ಮೆಟ್ಟಿಲಿಗೆ ಬರುವವರು ಬೆರಳೆಣಿಕೆಯಷ್ಟು. ಆದ್ದರಿಂದ "ಸುಬೇದಾರ್ ಮೇಜರ್" ಎಂದು ಪೂರ್ಣವಾಗಿಯೇ ಬರೆಯಿರಿ. ಬರೀ "ಮೇಜರ್" ಎಂದು ಬರೆದರೆ ಹೆಚ್ಚು ಗೌರವ ಕೊಟ್ಟಂತಾಗುವುದಿಲ್ಲ, ಅವರು ಏರಿದ ಮೆಟ್ಟಿಲುಗಳನ್ನೇ ಅಳಿಸಿದಂತಾಗುತ್ತದೆ.

ಇನ್ನೊಂದು ವಿಷಯ ವಿಚಾರಿಸಿಕೊಳ್ಳಿ. ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯ ದಿನಗಳಂದು ಆಯ್ದ ಜೆ.ಸಿ.ಒ.ಗಳಿಗೆ ಗೌರವ ಲೆಫ್ಟಿನೆಂಟ್, ಗೌರವ ಕ್ಯಾಪ್ಟನ್ ಪದವಿಗಳನ್ನು ಘೋಷಿಸುತ್ತಾರೆ. ಅವರಿಗೆ ಅದು ದೊರೆತಿದ್ದರೆ ಪತ್ರದಲ್ಲಿ ಹೆಸರಿನ ಮುಂದೆ ಅದನ್ನೇ ಬರೆಯುವುದು ಕ್ರಮ.

ನೇರ ಮಾತು

ಎಲ್ಲರೂ ಹೊಗಳುತ್ತಿರುವಾಗ ನಾನು ಸ್ವಲ್ಪ ಕಹಿ ಮಾತು ಆಡಬೇಕಾಗಿದೆ, ಕ್ಷಮಿಸಿ. ಉಗ್ರಾಣದ ಕೆಲಸ ಉಗ್ರಾಣದ್ದೇ. ಅದಕ್ಕೆ ಸಂಬಳವಿದೆ, ಪಿಂಚಣಿಯಿದೆ, ಕ್ಯಾಂಟೀನ್ ಸೌಲಭ್ಯವಿದೆ. ನಮ್ಮೂರಿನ ಸೊಸೈಟಿಯ ಕಾರ್ಯದರ್ಶಿ ನಲವತ್ತು ವರ್ಷ ಅಕ್ಕಿ, ಸಕ್ಕರೆ ತೂಗಿದರು, ಅವರಿಗೆ ಯಾರೂ ಡೊಳ್ಳು ಬಾರಿಸಲಿಲ್ಲ. ಅಲ್ಲದೆ ಸರಕು ಇರುವ ಕಡೆ ಸೋರಿಕೆಯೂ ಇರುತ್ತದೆ ಎಂಬುದು ಲೋಕಕ್ಕೆ ಗೊತ್ತಿರುವ ವಿಷಯ. ಸಮವಸ್ತ್ರ ಧರಿಸಿದ ಮಾತ್ರಕ್ಕೆ ಎಲ್ಲರನ್ನೂ ಒಂದೇ ಪೀಠದಲ್ಲಿ ಕೂರಿಸುವುದು ಸರಿಯೇ?

ಹಳೆಯ ಲೆಡ್ಜರ್

ಪ್ರಶ್ನೆ ನ್ಯಾಯವಾದದ್ದು, ಉತ್ತರಿಸುತ್ತೇನೆ. ಸೊಸೈಟಿಯ ಕಾರ್ಯದರ್ಶಿಗಳಿಗೂ ಸನ್ಮಾನ ಮಾಡಿ, ನಾನೇ ಒಂದು ಹಾರ ತರುತ್ತೇನೆ. ನಲವತ್ತು ವರ್ಷ ಸರಿಯಾಗಿ ತೂಗುವುದು ಸಣ್ಣ ಮಾತಲ್ಲ.

ಸೋರಿಕೆಯ ವಿಷಯ. ನಮ್ಮಲ್ಲಿ ಎಲ್ಲರೂ ಹರಿಶ್ಚಂದ್ರರಾಗಿದ್ದರೆಂದು ಹೇಳಿದರೆ ನಾನೇ ಸುಳ್ಳನಾಗುತ್ತೇನೆ. ತಪ್ಪು ಮಾಡಿದವರನ್ನು ನೋಡಿದ್ದೇನೆ, ಅವರು ತೋಳಿನ ಮೇಲಿನ ದರ್ಜೆಯ ಪಟ್ಟಿ ಕಳೆದುಕೊಂಡದ್ದನ್ನೂ ನೋಡಿದ್ದೇನೆ. ಆದರೆ ಅದೇ ಕಾರಣಕ್ಕೆ ಯೋಚಿಸಿ: ಕೈಗೆಟಕುವಷ್ಟು ದೂರದಲ್ಲಿ ಸಕ್ಕರೆ, ತುಪ್ಪ, ಪೆಟ್ರೋಲು ರಾಶಿ ಬಿದ್ದಿರುವ ಜಾಗದಲ್ಲಿ ಮೂರು ದಶಕ ಕಳೆದು, ಪ್ರತಿ ವರ್ಷ ದಾಸ್ತಾನು ತಪಾಸಣೆಯ ಮಂಡಳಿ ಬಂದು ಚೀಲ ಚೀಲ ಎಣಿಸಿ ಲೆಡ್ಜರಿಗೆ ತಾಳೆ ನೋಡಿದಾಗಲೂ ಹೆಸರಿಗೆ ಮಸಿ ಹತ್ತಿಸಿಕೊಳ್ಳದೆ ಸುಬೇದಾರ್ ಮೇಜರ್ ಆಗುವುದೆಂದರೆ ಏನು? ಬಡ್ತಿಯ ಪ್ರತಿ ಮೆಟ್ಟಿಲಿನಲ್ಲೂ ಹಿಂದಿನ ವರ್ಷಗಳ ಗೌಪ್ಯ ವರದಿಗಳನ್ನು ನೋಡುತ್ತಾರೆ. ನೀವು ಹೇಳಿದ ಅನುಮಾನವೇ ಇವರ ಸನ್ಮಾನಕ್ಕೆ ಮೊದಲ ಕಾರಣ.

ಇನ್ನು ಉಗ್ರಾಣ ಎಂಬ ಮಾತು. ಸರಬರಾಜು ದಳ ಎಂದರೆ ಗೋದಾಮು ಮಾತ್ರವಲ್ಲ. ಲಾರಿಗಳ ಕಾನ್ವಾಯ್ ಇದೆ, ಹೇಸರಗತ್ತೆಗಳ ಕಂಪನಿಗಳಿವೆ, ವಿಮಾನದಿಂದ ಪ್ಯಾರಾಶೂಟ್ ಕಟ್ಟಿ ಸರಕು ಇಳಿಸುವ ಘಟಕವಿದೆ. ಹೇಸರಗತ್ತೆಯೊಂದರ ಬೆನ್ನಿಗೆ ಸುಮಾರು 70 ಕಿಲೋ ಹೊರೆ. ಎಡಗಡೆಯ ಹೊರೆ ಬಲಗಡೆಗಿಂತ ಸ್ವಲ್ಪ ಭಾರವಾದರೆ ಎರಡು ಮೈಲಿಯೊಳಗೆ ಬೆನ್ನು ಹುಣ್ಣಾಗುತ್ತದೆ. ಕತ್ತಲಲ್ಲಿ, ಕೈ ಮರಗಟ್ಟಿರುವಾಗ, ಇದನ್ನು ಸರಿದೂಗಿಸಿ ಕಟ್ಟಬೇಕು. ಲಡಾಖಿನ ಚಳಿಗೆ ಸಾಮಾನ್ಯ ಡೀಸೆಲ್ ಗಟ್ಟಿಯಾಗಿಬಿಡುತ್ತಿತ್ತು. ಮೈನಸ್ 33 ಡಿಗ್ರಿಯಲ್ಲೂ ಹರಿಯುವ ಚಳಿಗಾಲದ ಡೀಸೆಲ್ಲನ್ನು ಇಂಡಿಯನ್ ಆಯಿಲ್ ಅಲ್ಲಿಗೆ ಕೊಡಲು ಆರಂಭಿಸಿದ್ದು 2019ರಲ್ಲಿ. ಅದಕ್ಕೆ ಮೊದಲು ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಶಕ್ತಿಮಾನ್ ಲಾರಿಗಳನ್ನು ಚಾಲೂ ಮಾಡಿಸಿದ ಸುಬೇದಾರರ ಕಥೆಗಳನ್ನು ಹೇಳಲು ಹೊರಟರೆ ಈ ಪುಟ ಸಾಲದು.

ಕಡತಪ್ರಿಯ

ಹಿಂದಿನವರು ಇಂಥವರನ್ನು ಹೇಗೆ ಗೌರವಿಸಿದರೆಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ, ಪತ್ರದ ಧಾಟಿಗೆ ಉಪಯೋಗವಾಗಬಹುದು.

ಈ ದಳ ತನ್ನ ಹುಟ್ಟನ್ನು 1760ರ ಡಿಸೆಂಬರ್ 8ರಿಂದ ಎಣಿಸುತ್ತದೆ. ಇಂದಿಗೂ ಅದೇ ದಿನ ಅದರ ವಾರ್ಷಿಕೋತ್ಸವ. 1923ರಲ್ಲಿ ಇಂಡಿಯನ್ ಆರ್ಮಿ ಸರ್ವಿಸ್ ಕೋರ್ ಎಂಬ ಹೆಸರು ಬಂತು, 1935ರಲ್ಲಿ ಅದಕ್ಕೆ "ರಾಯಲ್" ಎಂಬ ವಿಶೇಷಣ ಸೇರಿತು, ಗಣರಾಜ್ಯವಾದ ಮೇಲೆ ಅದು ಹೋಯಿತು. ಎರಡನೆಯ ಮಹಾಯುದ್ಧ ಆರಂಭವಾದಾಗ ಫ್ರಾನ್ಸಿನ ಕೆಸರು ದಾರಿಗಳಲ್ಲಿ ಲಾರಿಗಳು ಸಾಗುವುದು ಕಷ್ಟವೆಂದು ಬ್ರಿಟಿಷರು ಇದೇ ದಳದ ನಾಲ್ಕು ಹೇಸರಗತ್ತೆ ಕಂಪನಿಗಳನ್ನು ಮುಂಬಯಿಯಿಂದ ಹಡಗಿನಲ್ಲಿ ಕಳಿಸಿದರು. ಕೆ-6 ಎಂಬ ಗುಪ್ತನಾಮದ ಆ ಪಡೆ 1939ರ ಡಿಸೆಂಬರಿನಲ್ಲಿ ಮಾರ್ಸೆಯ್ ಬಂದರಿನಲ್ಲಿ ಇಳಿಯಿತು. ಮರುವರ್ಷ ಮೇ ತಿಂಗಳಲ್ಲಿ ಡನ್‌ಕರ್ಕ್ ಕಡೆಗೆ ಹಿಮ್ಮೆಟ್ಟುವಾಗ ಜಮಾದಾರ್ ಮೌಲಾ ದಾದ್ ಖಾನ್ ಎಂಬವರ ತುಕಡಿಯ ಮೇಲೆ ನೆಲದಿಂದ ಗುಂಡೂ ಮೇಲಿನಿಂದ ಬಾಂಬೂ ಬಿದ್ದವು. ಅವರು ಜನರನ್ನೂ ಪ್ರಾಣಿಗಳನ್ನೂ ರಸ್ತೆಯಿಂದ ಇಳಿಸಿ, ಮರೆಗೆ ಸೇರಿಸಿ, ಮತ್ತೆ ಸಾಲುಗೂಡಿಸಿದರು. ಅದಕ್ಕಾಗಿ ಅವರಿಗೆ ಇಂಡಿಯನ್ ಡಿಸ್ಟಿಂಗ್ವಿಷ್ಡ್ ಸರ್ವಿಸ್ ಮೆಡಲ್ ಕೊಡಲಾಯಿತು. ಅವರನ್ನು ಹೊಗಳಿದ ಬರಹದಲ್ಲಿ ಅವರು ಎಷ್ಟು ಶತ್ರುಗಳನ್ನು ಕೊಂದರೆಂಬ ಪ್ರಸ್ತಾಪವೇ ಇಲ್ಲ. ಗೊಂದಲದ ನಡುವೆ ತಲೆ ತಣ್ಣಗಿಟ್ಟುಕೊಂಡು ತನ್ನವರನ್ನು ಉಳಿಸಿದರು ಎಂಬುದಷ್ಟೇ ಇದೆ. ನಿಮಗೆ ಬೇಕಾದ ಧಾಟಿ ಅದು.

ದೀರ್ಘ ಸೇವೆಗಾಗಿಯೇ ಒಂದು ಗೌರವವೂ ಆಗ ಇತ್ತು. 1837ರಲ್ಲಿ ಸ್ಥಾಪನೆಯಾದ ಆರ್ಡರ್ ಆಫ್ ಬ್ರಿಟಿಷ್ ಇಂಡಿಯಾದ ಮೊದಲ ದರ್ಜೆಯವರು ಸರ್ದಾರ್ ಬಹಾದ್ದೂರ್, ಎರಡನೆಯ ದರ್ಜೆಯವರು ಬಹಾದ್ದೂರ್ ಎನಿಸಿಕೊಳ್ಳುತ್ತಿದ್ದರು. ಹಳೆಯ ಸೈನಿಕ ಮನೆತನಗಳಲ್ಲಿ ಈ ಬಿರುದು ಹೆಸರಿಗೆ ಅಂಟಿಕೊಂಡು ಮೊಮ್ಮಕ್ಕಳ ಕಾಲದವರೆಗೂ ಬಂದದ್ದಿದೆ. ಇಂದು 9, 20 ಮತ್ತು 30 ವರ್ಷಗಳ ದೀರ್ಘ ಸೇವಾ ಪದಕಗಳಿವೆ. ನಿಮ್ಮ ಕಾಕಾನ ಎದೆಯ ಮೇಲೆ ಮೂರೂ ಇರಲೇಬೇಕು. ಪದಕಗಳ ಹೆಸರನ್ನು ಅವರಿಂದಲೇ ಕೇಳಿ ಬರೆದುಕೊಳ್ಳಿ. ಅಂದಾಜಿನಲ್ಲಿ "ಅನೇಕ ಪದಕ ವಿಜೇತರು" ಎಂದು ತೇಲಿಸಬೇಡಿ.

ಥೇಮ್ಸ್ ದಡದ ಕನ್ನಡಿಗ

ನಾನಿರುವ ಇಂಗ್ಲೆಂಡಿನಲ್ಲಿ ಇದಕ್ಕೆ ಹೋಲುವ ಸಂಗತಿಯೊಂದಿದೆ. ಬ್ರಿಟಿಷ್ ಭೂಸೇನೆಯ ರಾಯಲ್ ಲಾಜಿಸ್ಟಿಕ್ ಕೋರ್‌ನಲ್ಲಿ ಆಯ್ದ ಕೆಲವೇ ಹಿರಿಯ ವಾರಂಟ್ ಅಧಿಕಾರಿಗಳಿಗೆ "ಕಂಡಕ್ಟರ್" ಎಂಬ ನೇಮಕ ಕೊಡುತ್ತಾರೆ. ಬಸ್ಸಿನ ಕಂಡಕ್ಟರ್ ನೆನಪಾಗಿ ನನಗೂ ಮೊದಲು ನಗು ಬಂದಿತ್ತು. ಆದರೆ ಇದು 1879ರ ರಾಜಾಜ್ಞೆಯಿಂದ ಬಂದ ಗೌರವ. ವಾರಂಟ್ ಅಧಿಕಾರಿಗಳ ಸಾಲಿನಲ್ಲಿ ಅತಿ ಹಿರಿಯ ಸ್ಥಾನಗಳಲ್ಲಿ ಒಂದು. ಸರಕು ನೋಡಿಕೊಳ್ಳುವವರನ್ನು ಇಷ್ಟು ಮುಂದೆ ನಿಲ್ಲಿಸುವ ಪದ್ಧತಿಯನ್ನು ಅವರು ಉಳಿಸಿಕೊಂಡಿದ್ದಾರೆಂಬುದು ನನಗೆ ವಿಶೇಷವಾಗಿ ಕಂಡಿತು.

ಈ ಹೆಸರು ಭಾರತದಲ್ಲೂ ಓಡಾಡಿದೆ. ಕಂಪನಿ ಸರ್ಕಾರದ ಮದ್ದುಗುಂಡು ಇಲಾಖೆಯಲ್ಲಿ ಕಂಡಕ್ಟರುಗಳಿದ್ದರು. 1857ರ ಮೇ 11ರಂದು ದೆಹಲಿಯ ಮದ್ದಿನ ಮನೆಯನ್ನು ಸ್ಫೋಟಿಸಿದ ಒಂಬತ್ತು ಮಂದಿಯಲ್ಲಿ ಕೆಲವರು ಇದೇ ಹುದ್ದೆಯವರು. ಅದು ನಮ್ಮವರ ವಿರುದ್ಧ ನಡೆದ ಕೃತ್ಯವಾದ್ದರಿಂದ ನಾವು ಅದನ್ನು ಕೊಂಡಾಡಬೇಕಾಗಿಲ್ಲ. ಹುದ್ದೆಯ ಚರಿತ್ರೆಗಾಗಿ ಹೇಳಿದೆ, ಅಷ್ಟೆ.

ಕ್ವಾರ್ಟರ್ಸಿನ ಮಗಳು

ಬಹಳ ಹೊತ್ತು ಓದುತ್ತಾ ಕುಳಿತಿದ್ದೆ, ಬರೆಯಬೇಕೋ ಬೇಡವೋ ಎಂದು. ನಮ್ಮ ತಂದೆಯೂ ಎ.ಎಸ್.ಸಿ.ಯಲ್ಲಿ ಸುಬೇದಾರ್ ಆಗಿದ್ದರು. ಅವರ ತರಬೇತಿ ಆದದ್ದು ಬೆಂಗಳೂರಿನ ಎ.ಎಸ್.ಸಿ. ಕೇಂದ್ರದಲ್ಲಿ, ಕೊನೆಯ ಪೋಸ್ಟಿಂಗೂ ಅಲ್ಲಿಯೇ ಸಿಕ್ಕಿತು. ನಾವು ನೋಡಿದ ತಂದೆ ಮನೆಯಲ್ಲೂ ಲೆಕ್ಕದ ಮನುಷ್ಯ. ಗ್ಯಾಸ್ ಸಿಲಿಂಡರ್ ಬಂದ ದಿನಾಂಕವನ್ನು ಅಡುಗೆಮನೆಯ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು. ಹೊಸ ಸಾಬೂನು ತಂದರೆ ಹಳೆಯದರ ಹಿಂದೆ ಇಡಬೇಕು. ಅಮ್ಮ ಬೇಸರಪಟ್ಟುಕೊಂಡು "ಇದು ಮನೆ, ಡಿಪೋ ಅಲ್ಲ ರೀ" ಎನ್ನುತ್ತಿದ್ದರು.

ನಿವೃತ್ತಿಯ ನಂತರ ಅವರು ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಕಾವಲು ಮೇಲ್ವಿಚಾರಕರಾಗಿ ಸೇರಿದರು. ನೂರಾರು ಜನರಿಗೆ, ಲಾರಿಗಳಿಗೆ, ಟನ್ನುಗಟ್ಟಲೆ ಸರಕಿಗೆ ಹೊಣೆಯಾಗಿದ್ದವರು ಗೇಟಿನ ಹತ್ತಿರ ಸ್ಕೂಟರುಗಳ ನಂಬರ್ ಬರೆದುಕೊಳ್ಳುತ್ತಿದ್ದರು. ಅಲ್ಲಿಯ ಯುವಕರೊಬ್ಬರು ದೊಡ್ಡ ಗೋದಾಮು ಕಂಪನಿಯೊಂದರಲ್ಲಿ ಕೆಲಸ ಮಾಡುತ್ತಿದ್ದರು. ಒಂದು ದಿನ ಮಾತಿಗೆ ಮಾತು ಬಂದು, ಹಳೆಯ ಸರಕನ್ನು ಮೊದಲು ಕಳಿಸುವ ಕ್ರಮದ ಬಗ್ಗೆ ಅಪ್ಪ ಹೇಳಿದ್ದನ್ನು ಕೇಳಿ, "ಇದನ್ನೆಲ್ಲ ನೀವು ಎಲ್ಲಿ ಓದಿದಿರಿ ಅಂಕಲ್?" ಎಂದರಂತೆ. ಅಪ್ಪ ಆ ಪ್ರಶ್ನೆಯನ್ನು ಸಾಯುವವರೆಗೂ ಹೇಳಿಕೊಂಡು ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ.

ದಯವಿಟ್ಟು ಒಂದು ಕೆಲಸ ಮಾಡಿ. ಹಾರ, ಶಾಲು, ಪೇಟ ಎಲ್ಲವೂ ಇರಲಿ. ಅದರ ಜೊತೆಗೆ ನಿಮ್ಮ ಕಾಕಾನನ್ನು ಎರಡು ದಿನ ಕೂರಿಸಿಕೊಂಡು, ಫೋನಿನಲ್ಲಿ ಧ್ವನಿ ಮುದ್ರಿಸಿಕೊಂಡು, ಸೇರಿದ ದಿನದಿಂದ ಕೇಳುತ್ತಾ ಹೋಗಿ. "ಯುದ್ಧ ಹೇಗಿತ್ತು" ಎಂದು ಕೇಳಬೇಡಿ. "ಆ ದಿನ ಎಷ್ಟು ಲಾರಿ ಹೋದವು, ಯಾವುದು ಕೆಟ್ಟು ನಿಂತಿತು" ಎಂದು ಕೇಳಿ. ನಾವು ಮಾಡಲಿಲ್ಲ. ಅಪ್ಪನ ಟ್ರಂಕಿನಲ್ಲಿ ಪದಕಗಳಿವೆ, ಅವರ ದನಿ ಎಲ್ಲೂ ಇಲ್ಲ.

ಕಡತಪ್ರಿಯ

ಮೇಲಿನ ಬರಹ ಓದಿದ ಮೇಲೆ ಪೆಡೋಂಗಿ ನೆನಪಾದಳು. ಇದೇ ದಳದ ಹೇಸರಗತ್ತೆ. 1962ರಲ್ಲಿ ಸೇನೆಗೆ ಬಂದು, 1971ರ ಯುದ್ಧದಲ್ಲಿ ಪಾಕಿಸ್ತಾನದ ಕೈಗೆ ಸಿಕ್ಕು, ಬೆನ್ನ ಮೇಲೆ ಅವರದೇ ಮೆಷಿನ್ ಗನ್ ಮತ್ತು ಗುಂಡಿನ ಪೆಟ್ಟಿಗೆಗಳನ್ನು ಹೊತ್ತುಕೊಂಡೇ ತಪ್ಪಿಸಿಕೊಂಡು ನಮ್ಮ ಠಾಣೆಗೆ ನಡೆದು ಬಂದವಳು. 1992ರಲ್ಲಿ ಅವಳಿಗೆ ನೀಲಿ ಮಖಮಲ್ಲಿನ ಹೊದಿಕೆ ಹೊದಿಸಿ ಗೌರವಿಸಿದರು, ಬೆಂಗಳೂರಿನ ಎ.ಎಸ್.ಸಿ. ಅಧಿಕಾರಿಗಳ ಮೆಸ್ಸಿನ ಕೊಠಡಿಯೊಂದಕ್ಕೆ ಅವಳ ಹೆಸರಿದೆ. ಅವಳಿಗೆ ಸಂದದ್ದು ಸರಿಯಾಗಿಯೇ ಸಂದಿದೆ. ಆದರೆ ಆ ವರ್ಷಗಳಲ್ಲಿ ಅವಳ ಕಂಪನಿಯನ್ನು ನಡೆಸಿದ ಸುಬೇದಾರ್ ಯಾರು ಎಂದು ಕೇಳಿದರೆ ನನ್ನಂಥ ಹುಡುಕಾಟದ ಹುಚ್ಚಿನವನಿಗೂ ಹೆಸರು ಸಿಕ್ಕಿಲ್ಲ.

ನೇರ ಮಾತು

ನಾನು ಮೊದಲು ಬರೆದದ್ದರಲ್ಲಿ ಸೋರಿಕೆಯ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ, ಆದರೆ "ಉಗ್ರಾಣದ ಕೆಲಸ ಉಗ್ರಾಣದ್ದೇ" ಎಂದದ್ದನ್ನು ತೆಗೆದುಕೊಳ್ಳುತ್ತೇನೆ. ಸಮಾರಂಭ ಯಾವ ಊರಿನಲ್ಲಿ ಎಂದು ತಿಳಿಸಿದರೆ ಬರುತ್ತೇನೆ.

ಘಟಪ್ರಭಾ ದಂಡೆ

ತಡವಾಗಿ ಬರೆಯುತ್ತಿದ್ದೇನೆ. ಸಮಾರಂಭ ಮೊನ್ನೆ ಭಾನುವಾರ ನಡೆಯಿತು.

ಅಕ್ಕನವರು ಹೇಳಿದಂತೆ ಕಾಕಾ ಬಂದ ಮೇಲೆ ಮೂರು ಸಂಜೆ ಕೂತು ಧ್ವನಿ ಮುದ್ರಿಸಿಕೊಂಡೆ. ಯುದ್ಧದ ಬಗ್ಗೆ ಕೇಳಲಿಲ್ಲ. ಕೆಟ್ಟು ನಿಂತ ಲಾರಿಗಳ ಬಗ್ಗೆ ಕೇಳಿದೆ, ಮೊದಲ ಸಂಜೆ ಅದರಲ್ಲೇ ಮುಗಿಯಿತು. ಸನ್ಮಾನ ಪತ್ರವನ್ನು ಹೊಸದಾಗಿ ಬರೆದೆ. ಮೊದಲ ಸಾಲಿನಲ್ಲಿ ಅವರ ಹುದ್ದೆ ಪೂರ್ಣವಾಗಿದೆ. ನಂತರ ಸೇರಿದ ವರ್ಷ, ಕೆಲಸ ಮಾಡಿದ ಜಾಗಗಳು, ಏರಿದ ಪ್ರತಿ ಮೆಟ್ಟಿಲು, ಪದಕಗಳು ಹೆಸರು ಸಹಿತ. ಕೊನೆಗೆ ದಳದ ಧ್ಯೇಯವಾಕ್ಯ "ಸೇವಾ ಅಸ್ಮಾಕಂ ಧರ್ಮಃ". "ಸಾವಿರಾರು ಟನ್ ಸರಕು ಸಾಗಿಸಿದ" ಎಂದು ನಾನು ಬರೆದಿದ್ದ ಸಾಲಿನ ಮೇಲೆ ಕಾಕಾ ಗೆರೆ ಎಳೆದರು. ವೋಚರ್ ಇಲ್ಲದ ಅಂಕಿ ಪತ್ರದಲ್ಲಿ ಇರಕೂಡದಂತೆ. ಅದರ ಬದಲಿಗೆ "ಚಳಿಗಾಲದಲ್ಲಿ ದಾರಿ ಮುಚ್ಚುವ ಮೊದಲು ಮೇಲಿನವರಿಗೆ ಬೇಕಾದದ್ದನ್ನು ಮುಟ್ಟಿಸಿದ" ಎಂಬಷ್ಟೇ ಉಳಿಯಿತು.

ವೇದಿಕೆಯ ಮೇಲೆ ಪತ್ರ ಓದಿದಾಗ ಜನ ಸ್ವಲ್ಪ ಹೊತ್ತು ಸುಮ್ಮನಿದ್ದರು, ಏಕೆಂದರೆ ಚಪ್ಪಾಳೆ ಹೊಡೆಯಬೇಕಾದ ಎಂದಿನ ಮಾತುಗಳು ಅದರಲ್ಲಿ ಇರಲಿಲ್ಲ. ಮುಂದಿನ ಸಾಲಿನಲ್ಲಿದ್ದ ಮರಾಠಾ ಲೈಟ್ ಇನ್‌ಫಂಟ್ರಿಯ ನಿವೃತ್ತ ಹವಾಲ್ದಾರರೊಬ್ಬರು ಎದ್ದು ನಿಂತು, ತಾವು ಒಂದು ಚಳಿಗಾಲವಿಡೀ ಮೇಲಿನ ಠಾಣೆಯಲ್ಲಿದ್ದಾಗ ತಿಂದ ಒಂದೊಂದು ರೊಟ್ಟಿಯೂ ಇಂಥವರ ಕೈಯಿಂದ ಬಂದದ್ದೆಂದು ಹೇಳಿದ ಮೇಲೆ ಚಪ್ಪಾಳೆ ಶುರುವಾಯಿತು.

ಪತ್ರಕ್ಕೆ ಚೌಕಟ್ಟು ಹಾಕಿಸಿದ್ದೆವು. ಕಮಿಟಿಯ ಕಡತಕ್ಕೆಂದು ಇನ್ನೊಂದು ಪ್ರತಿ ನನ್ನ ಕೈಯಲ್ಲಿತ್ತು. ಕಾಕಾ ಚೌಕಟ್ಟನ್ನು ತೆಗೆದುಕೊಂಡು, ನನ್ನ ಕೈಯಲ್ಲಿದ್ದ ಪ್ರತಿಯನ್ನು ನೋಡಿ, ಪೆನ್ನು ಕೇಳಿದರು. ಹಾಳೆಯ ಕೆಳಗಡೆ "ಒಂದು ನಗ, ಸುಸ್ಥಿತಿಯಲ್ಲಿ ಸ್ವೀಕರಿಸಿದೆ" ಎಂದು ಬರೆದು, ಸಹಿ ಮಾಡಿ, ತಾರೀಖು ಹಾಕಿ ನನಗೆ ವಾಪಸು ಕೊಟ್ಟರು.